ಡಾಕ್ಟರ್ ಐದು ನಿಮಿಷ, ಸಿಸ್ಟರ್ ಇಡೀ ದಿನ: ನನ್ನ ತಮ್ಮನ ಚಿಕಿತ್ಸೆ ಹೇಗೆ ನಡೆಯುತ್ತದೆ?

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನನ್ನ ತಮ್ಮನಿಗೆ 23 ವರ್ಷ. ಡಿಗ್ರಿ ಮುಗಿಸಿ ಮನೆಯಲ್ಲೇ ಇದ್ದ. ಆರು ತಿಂಗಳಿಂದ ಒಬ್ಬನೇ ಮಾತಾಡುತ್ತಾನೆ, ರಾತ್ರಿ ಮಲಗುವುದಿಲ್ಲ. ಅವ್ವ ಊಟದಲ್ಲಿ ಏನೋ ಹಾಕಿದ್ದಾಳೆ ಅಂತ ತಟ್ಟೆ ತಳ್ಳುತ್ತಾನೆ. ಮೊದಲು ಉಕ್ಕಡಗಾತ್ರಿಯ ಅಜ್ಜಯ್ಯನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆವು. ಈಗ ಹತ್ತು ದಿನದಿಂದ ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿದ್ದಾನೆ. ಸ್ಕಿಜೋಫ್ರೇನಿಯಾ ಅಂದಿದ್ದಾರೆ. ಗುಳಿಗೆ, ಇಂಜೆಕ್ಷನ್ ನಡೆಯುತ್ತಿದೆ. ಕರೆಂಟ್ ಕೊಡಬೇಕಾಗಬಹುದು ಅಂದಿದ್ದಕ್ಕೆ ಅವ್ವ ಹೆದರಿಕೊಂಡಿದ್ದಾಳೆ. ಡಾಕ್ಟರ್ ಬಂದು ಐದು ನಿಮಿಷದಲ್ಲಿ ಹೋಗುತ್ತಾರೆ. ಸಿಸ್ಟರ್ ಮಾತ್ರ ದಿನವಿಡೀ ಏನೇನೋ ಕೇಳಿ ಬರೆದುಕೊಳ್ಳುತ್ತಾರೆ, ಗುಳಿಗೆ ಕೊಟ್ಟ ಮೇಲೆ ಬಾಯಿ ತೆಗೆಸಿ ನೋಡುತ್ತಾರೆ. ಇದೆಲ್ಲ ಅವರ ಕೆಲಸವಾ? ಈ ಕಾಯಿಲೆಗೆ ಏನೇನು ಚಿಕಿತ್ಸೆ ಇದೆ? ಮನೆಗೆ ಹೋದ ಮೇಲೆ ನಾವೇನು ಮಾಡಬೇಕು? ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ನಮ್ಮ ಮಾವ ಹೇಳುತ್ತಾರೆ. ನಿಜವಾ?

ಉತ್ತರ: ಹೌದು, ಅದೆಲ್ಲ ಅವರದೇ ಕೆಲಸ. ಬಾಯಿ ತೆಗೆಸಿ ನೋಡುವುದೂ ಸೇರಿ. ನಾನು ಮನೋರೋಗ ವಾರ್ಡ್‌ನಲ್ಲಿ ಬಹಳ ವರ್ಷ ನರ್ಸ್ ಆಗಿದ್ದವಳು. ಈಗ ನರ್ಸಿಂಗ್ ಓದುವ ಮಕ್ಕಳಿಗೆ ಇದನ್ನೇ ಕಲಿಸುತ್ತೇನೆ. ನೀವು ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಸಿಸ್ಟರ್ ಬಗ್ಗೆ ಕೇಳಿದ ಮಾತು. ಯಾಕೆಂದರೆ ತಮ್ಮ ಮನೆಗೆ ಬಂದ ದಿನದಿಂದ ಆ ಸಿಸ್ಟರ್ ಮಾಡುತ್ತಿದ್ದ ಕೆಲಸ ನಿಮ್ಮ ಕೈಗೆ ಬರುತ್ತದೆ. ಡಾಕ್ಟರ್ ಕೆಲಸ ನೀವು ಕಲಿಯಬೇಕಾಗಿಲ್ಲ. ಸಿಸ್ಟರ್ ಕೆಲಸವನ್ನು ಸ್ವಲ್ಪವಾದರೂ ಕಲಿಯಲೇಬೇಕು. ಅದಕ್ಕೆ ವಾರ್ಡ್‌ನಲ್ಲಿ ಇರುವ ಈ ದಿನಗಳಿಗಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

ಡಾಕ್ಟರ್ ಬೇಗ ಹೋಗುತ್ತಾರೆ ಅನ್ನುವ ಬೇಸರ ಎಲ್ಲ ಮನೆಯವರಿಗೂ ಇರುತ್ತದೆ. ಆದರೆ ಅವರು ಹಾಸಿಗೆ ಹತ್ತಿರ ಬರುವ ಮೊದಲು ಸಿಸ್ಟರ್ ಬರೆದದ್ದನ್ನು ಓದಿರುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ಮಲಗಿದ, ಎಷ್ಟು ಸಲ ಎದ್ದ, ತಾನಾಗಿಯೇ ಹಲ್ಲುಜ್ಜಿದನಾ, ಯಾರಾದರೂ ಹೇಳಬೇಕಾಯಿತಾ, ತಟ್ಟೆಯಲ್ಲಿ ಎಷ್ಟು ಬಿಟ್ಟ, ಪಕ್ಕದ ಹಾಸಿಗೆಯವರ ಜೊತೆ ಒಂದು ಮಾತಾದರೂ ಆಡಿದನಾ, ಒಬ್ಬನೇ ಗೊಣಗುವಾಗ ಮುಖದಲ್ಲಿ ಭಯ ಇತ್ತಾ, ನಗು ಇತ್ತಾ. ಇದೆಲ್ಲ ಅದರಲ್ಲಿರುತ್ತದೆ. ಸಕ್ಕರೆ ಕಾಯಿಲೆ ಎಷ್ಟಿದೆ ಅಂತ ರಕ್ತ ಪರೀಕ್ಷೆ ಹೇಳುತ್ತದೆ. ಸ್ಕಿಜೋಫ್ರೇನಿಯಾ ಎಷ್ಟು ಇಳಿದಿದೆ ಅಂತ ಹೇಳುವ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಕೂಡ ಇಲ್ಲ. ಹತ್ತಿರ ಇದ್ದು ನೋಡಿಯೇ ತಿಳಿಯಬೇಕು. ಮೂರು ಪಾಳಿಯಲ್ಲಿ ಹಾಗೆ ನೋಡುವವರು ಸಿಸ್ಟರ್ ಮತ್ತು ಬ್ರದರ್‌ಗಳೇ, ಅಂದರೆ ಗಂಡು ನರ್ಸ್‌ಗಳು. ಅವರು ಕೇಳಿದಾಗ ಮನೆ ಮರ್ಯಾದೆ ಅಂತ ಏನನ್ನೂ ಮುಚ್ಚಿಡಬೇಡಿ. ಹೊಡೆದಿದ್ದಾನಾ, ಮನೆ ಬಿಟ್ಟು ಹೋಗಿದ್ದನಾ, ಸಾಯುವ ಮಾತಾಡಿದ್ದನಾ, ಕುಡಿಯುತ್ತಾನಾ, ಗಾಂಜಾ ಸೇದುತ್ತಾನಾ, ಮನೆತನದಲ್ಲಿ ಯಾರಿಗಾದರೂ ಹೀಗಾಗಿತ್ತಾ. ಒಂದೊಂದು ಉತ್ತರವೂ ಚಿಕಿತ್ಸೆಯ ದಾರಿ ಬದಲಿಸಬಹುದು.

ಈಗ ಗುಳಿಗೆ ವಿಷಯಕ್ಕೆ ಬರುತ್ತೇನೆ. ಸ್ಕಿಜೋಫ್ರೇನಿಯಾದಲ್ಲಿ ಚಿಕಿತ್ಸೆಯ ಬುನಾದಿ ಔಷಧವೇ. ರಿಸ್ಪೆರಿಡೋನ್, ಒಲಾಂಜಪಿನ್, ಹ್ಯಾಲೊಪೆರಿಡಾಲ್ ಇಂಥವು ಮಿದುಳಿನಲ್ಲಿ ಡೋಪಮಿನ್ ಅನ್ನುವ ರಾಸಾಯನಿಕದ ಪ್ರಭಾವ ತಗ್ಗಿಸುತ್ತವೆ. 1952ರಲ್ಲಿ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜಿನ್ ಬಳಸಲು ಶುರುಮಾಡುವವರೆಗೆ ಈ ಕಾಯಿಲೆಗೆ ನೆಚ್ಚಿಕೊಳ್ಳುವಂಥ ಔಷಧವೇ ಇರಲಿಲ್ಲ. ಎಷ್ಟೋ ಜನ ಆಸ್ಪತ್ರೆಯ ಗೋಡೆಯೊಳಗೇ ಮುದುಕರಾದರು. ಈಗ ಕೆಲವು ವಾರ ವಾರ್ಡ್‌ನಲ್ಲಿದ್ದು ಮನೆಗೆ ಹೋಗುತ್ತಾರೆ.

ಆದರೆ ಹತ್ತು ದಿನಕ್ಕೆ ಎಲ್ಲ ಸರಿಯಾಗುವುದಿಲ್ಲ. ಮೊದಲು ನಿದ್ದೆ ಬರುತ್ತದೆ, ಚಡಪಡಿಕೆ ತಗ್ಗುತ್ತದೆ. ಕಿವಿಯಲ್ಲಿ ಕೇಳುವ ಮಾತು, ಸಂಶಯ ಇವು ಇಳಿಯಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಎದ್ದು ಸ್ನಾನ ಮಾಡಬೇಕು, ನಾಲ್ಕು ಜನರ ಜೊತೆ ಬೆರೆಯಬೇಕು ಅನ್ನುವ ಉತ್ಸಾಹ ಬರುವುದು ಎಲ್ಲಕ್ಕಿಂತ ತಡ. ಅದಕ್ಕೆ ಗುಳಿಗೆ ಮಾಡುವ ಸಹಾಯವೂ ಕಡಿಮೆ. ಇದು ಗೊತ್ತಿಲ್ಲದೆ ಬಹಳ ಮನೆಗಳಲ್ಲಿ "ಗುಳಿಗೆ ತಿಂದು ಸೋಮಾರಿ ಆಗಿಬಿಟ್ಟ" ಅನ್ನುತ್ತಾರೆ. ಸೋಮಾರಿತನ ಅಲ್ಲ, ಅದು ಕಾಯಿಲೆಯದೇ ಒಂದು ಭಾಗ. ಕೆಲವೊಮ್ಮೆ ಔಷಧದ ಮಂಪರೂ ಇರುತ್ತದೆ, ಆಗ ಡಾಕ್ಟರಿಗೆ ಹೇಳಿ ಪ್ರಮಾಣ ಸರಿಮಾಡಿಸಬೇಕು.

ಬಾಯಿ ಯಾಕೆ ನೋಡುತ್ತಾರೆ? ಊಟದಲ್ಲೇ ವಿಷ ಇದೆ ಅನ್ನುವವನಿಗೆ ಗುಳಿಗೆಯಲ್ಲಿ ಇರುವುದಿಲ್ಲವೇ? ಕೆನ್ನೆಯೊಳಗೆ, ನಾಲಿಗೆ ಕೆಳಗೆ ಇಟ್ಟುಕೊಂಡು ಆಮೇಲೆ ಬಾತ್‌ರೂಮಿನಲ್ಲಿ ಉಗಿದು ಬರುವವರು ಬಹಳ ಜನ. ಅದು ಗೊತ್ತಾಗದೇ ಹೋದರೆ ಏನಾಗುತ್ತದೆ ನೋಡಿ. ಔಷಧ ಸಾಲುತ್ತಿಲ್ಲ ಅಂತ ಡಾಕ್ಟರ್ ಪ್ರಮಾಣ ಜಾಸ್ತಿ ಮಾಡುತ್ತಾರೆ. ಮನೆಗೆ ಹೋದ ಮೇಲೆ ಅವ್ವ ಎದುರಿಗೆ ನಿಂತು ಅಷ್ಟನ್ನೂ ನುಂಗಿಸುತ್ತಾಳೆ. ಹುಡುಗ ಎರಡೇ ದಿನದಲ್ಲಿ ಕಟ್ಟಿಗೆಯಂತೆ ಬಿಗಿದುಕೊಳ್ಳುತ್ತಾನೆ. ಹಾಗಾಗಿ ಈ ತಪಾಸಣೆ ಬೇಕೇ ಬೇಕು. ಒಳ್ಳೆಯ ಸಿಸ್ಟರ್ ಅದನ್ನು ಪೊಲೀಸರ ಥರ ಮಾಡುವುದಿಲ್ಲ. ಗುಳಿಗೆ ಕೊಟ್ಟು, ನೀರು ಕೊಟ್ಟು, ಅಲ್ಲೇ ನಿಂತು ಎರಡು ಮಾತಾಡುತ್ತಾರೆ. ಬಾಯಲ್ಲಿ ಗುಳಿಗೆ ಇಟ್ಟುಕೊಂಡು ಸರಾಗವಾಗಿ ಮಾತಾಡುವುದು ಕಷ್ಟ. ಸಿಕ್ಕಿಬಿದ್ದರೂ ಬೈಯುವುದಿಲ್ಲ. "ಯಾಕಪ್ಪ, ಇದು ತಗೊಂಡ್ರೆ ಏನು ತೊಂದರೆ ಆಗ್ತಿದೆ?" ಅಂತ ಕೇಳುತ್ತಾರೆ. ಆಗಲೇ ನಿಜ ಹೊರಗೆ ಬರುವುದು. ನಾಲಿಗೆ ತೊದಲುತ್ತದೆ, ಇಡೀ ದಿನ ತೂಕಡಿಕೆ, ಗಂಡಸುತನಕ್ಕೆ ತೊಂದರೆ ಆಗಿದೆ. ಈ ಕೊನೆಯದನ್ನು ನಮ್ಮ ಕಡೆಯ ಹುಡುಗರು ಅವ್ವ, ಅಕ್ಕನ ಮುಂದೆ ಸತ್ತರೂ ಹೇಳುವುದಿಲ್ಲ. ಬ್ರದರ್ ಒಬ್ಬರು ಪಕ್ಕದಲ್ಲಿ ಕೂತು ಕೇಳಿದರೆ ಹೇಳುತ್ತಾರೆ. ಗೊತ್ತಾದರೆ ಔಷಧ ಬದಲಿಸಬಹುದು, ಬಾಯಲ್ಲೇ ಕರಗುವ ಗುಳಿಗೆ ಕೊಡಬಹುದು. ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಹಾಕುವ, ನಿಧಾನವಾಗಿ ಕೆಲಸ ಮಾಡುವ ಇಂಜೆಕ್ಷನ್ ಕೂಡ ಇದೆ.

ಇನ್ನೊಂದು ಸಂಗತಿಯನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮ ಭಾಗದಲ್ಲಿ ಇದನ್ನು ನೋಡಿ ಹೆದರಿ ಆಸ್ಪತ್ರೆ ಬಿಟ್ಟು ಹೋದವರಿದ್ದಾರೆ. ಹ್ಯಾಲೊಪೆರಿಡಾಲ್‌ನಂಥ ಇಂಜೆಕ್ಷನ್ ಕೊಟ್ಟ ಮೊದಲ ಒಂದೆರಡು ದಿನದಲ್ಲಿ ಕೆಲವರಿಗೆ ಇದ್ದಕ್ಕಿದ್ದಂತೆ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ದವಡೆ ಬಿಗಿಯುತ್ತದೆ, ನಾಲಿಗೆ ಹೊರಗೆ ಬರುತ್ತದೆ. ವಯಸ್ಸಿನ ಹುಡುಗರಲ್ಲಿ ಇದು ಜಾಸ್ತಿ. ರಾತ್ರಿ ಹೊತ್ತು ಇದನ್ನು ನೋಡಿದ ಮನೆಯವರಿಗೆ ಗಾಳಿಯೇ ಮೈಮೇಲೆ ಬಂದಂತೆ ಕಾಣುತ್ತದೆ, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ಇದು ಔಷಧದಿಂದ ಸ್ನಾಯು ಹಿಡಿದುಕೊಂಡದ್ದು. ಸಿಸ್ಟರ್ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ, ಡ್ಯೂಟಿ ಡಾಕ್ಟರಿಗೆ ಹೇಳಿ ಪ್ರೊಮೆಥಜಿನ್ ಇಂಜೆಕ್ಷನ್ ಹಾಕುತ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಕುತ್ತಿಗೆ ಸಡಿಲವಾಗುತ್ತದೆ. ಅಷ್ಟು ಹೊತ್ತೂ ಅವನ ಕೈ ಹಿಡಿದುಕೊಂಡು "ಇದು ಔಷಧದಿಂದ ಆಗಿದೆ, ಈಗ ಹೋಗುತ್ತೆ" ಅಂತ ಹೇಳುತ್ತಿರಬೇಕು. ಅವನಿಗೆ ಎಲ್ಲ ಕೇಳಿಸುತ್ತಿರುತ್ತದೆ, ಪ್ರಜ್ಞೆ ಇರುತ್ತದೆ, ಭಯ ಮಾತ್ರ ಹೇಳತೀರದು.

ಕೂತಲ್ಲಿ ಕೂರಲಾಗದೆ ವರಾಂಡದಲ್ಲಿ ಒಂದೇ ಸಮ ಓಡಾಡುವುದು ಕೂಡ ಔಷಧದ ಅಡ್ಡಪರಿಣಾಮ ಇರಬಹುದು. ನೋಡುವವರಿಗೆ ಕಾಯಿಲೆ ಹೆಚ್ಚಾದಂತೆ ಕಾಣುತ್ತದೆ. ಕೈ ನಡುಕ, ಜೊಲ್ಲು ಸುರಿಯುವುದು, ತೂಕ ಏರುವುದು ಇದ್ದರೂ ಹೇಳಿ. ಒಲಾಂಜಪಿನ್ ತಗೊಳ್ಳುವವರು ತೂಕ, ಸೊಂಟದ ಸುತ್ತಳತೆ, ಸಕ್ಕರೆ ಆಗಾಗ ನೋಡಿಸಲೇಬೇಕು. ಒಂದು ಮಾತ್ರ ತುರ್ತು: ಜೋರು ಜ್ವರ, ಮೈಯೆಲ್ಲ ಬಿಗಿತ, ಬೆವರು, ಗೊಂದಲ ಒಟ್ಟಿಗೆ ಬಂದರೆ ಗುಳಿಗೆ ನಿಲ್ಲಿಸಿ ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಹೊರಡಿ. ಬಹಳ ಅಪರೂಪ, ಆದರೆ ಜೀವಕ್ಕೆ ಅಪಾಯ.

ಇನ್ನು ಅವ್ವನ ಭಯ. ಕರೆಂಟ್ ಅಂದ ಕೂಡಲೇ ಸಿನಿಮಾದಲ್ಲಿ ನೋಡಿದ್ದು ಕಣ್ಮುಂದೆ ಬರುತ್ತದೆ, ಅಲ್ವಾ? ಈ ಚಿಕಿತ್ಸೆ 1938ರಲ್ಲಿ ಇಟಲಿಯಲ್ಲಿ ಶುರುವಾಯಿತು. ಮೊದಮೊದಲು ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು ಅನ್ನುವುದು ನಿಜ. ಈಗ ಹಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಕೊಡದೆ ಕರೆಂಟ್ ಚಿಕಿತ್ಸೆ ಮಾಡುವ ಹಾಗೇ ಇಲ್ಲ. ರಾತ್ರಿಯಿಂದ ಏನೂ ತಿನ್ನಬಾರದು. ಬೆಳಗ್ಗೆ ಸಿಸ್ಟರ್ ಅದನ್ನು ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಹೊಟ್ಟೆಯಲ್ಲಿ ಊಟ ಇದ್ದರೆ ಅರಿವಳಿಕೆಯಲ್ಲಿ ಅದು ಶ್ವಾಸಕೋಶಕ್ಕೆ ಹೋಗಬಹುದು. ಆದ್ದರಿಂದ ಪ್ರೀತಿಯಿಂದ ಗುಟ್ಟಾಗಿ ಒಂದು ಲೋಟ ಹಾಲು ಕೊಡುವುದು ಕೂಡ ತಪ್ಪು. ಬಿಪಿ ನೋಡುತ್ತಾರೆ, ಉಂಗುರ, ಉಡದಾರ ತೆಗೆಸುತ್ತಾರೆ, ಮೂತ್ರಕ್ಕೆ ಹೋಗಿ ಬರಲು ಹೇಳುತ್ತಾರೆ. ನಿದ್ದೆ ಬಂದ ಮೇಲೆ ಕೆಲವೇ ಸೆಕೆಂಡು ಕರೆಂಟ್. ಅದರಿಂದ ಮಿದುಳಿನಲ್ಲಿ ಒಂದು ಸಣ್ಣ ಫಿಟ್ಸ್ ಬರುತ್ತದೆ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಅವನಿಗೆ ನೋವು ಗೊತ್ತಾಗುವುದಿಲ್ಲ.

ಎದ್ದ ಮೇಲಿನ ಹೊತ್ತು ಪೂರ್ತಿ ಸಿಸ್ಟರದು. ಒಂದು ಮಗ್ಗುಲಿಗೆ ಮಲಗಿಸಿ, ಉಸಿರು ನೋಡಿಕೊಂಡು, ಕಣ್ಣು ಬಿಟ್ಟ ಕೂಡಲೇ ಹೆಸರು ಹಿಡಿದು ಕರೆದು "ದಾವಣಗೆರೆ ಆಸ್ಪತ್ರೆಯಲ್ಲಿದ್ದೀಯ, ಚಿಕಿತ್ಸೆ ಆಯ್ತು, ನಿಮ್ಮ ಅಕ್ಕ ಹೊರಗೆ ಇದ್ದಾರೆ" ಅಂತ ಹೇಳುತ್ತಾರೆ. ತಲೆನೋವು, ಸ್ವಲ್ಪ ಗೊಂದಲ ಇರಬಹುದು. ಮರೆವು ಕೆಲವು ವಾರ ಇರಬಹುದು, ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಆದರೂ ಆ ಸುತ್ತಿನ ದಿನಗಳ ಕೆಲವು ನೆನಪು ವಾಪಸ್ ಬರದೇ ಇರಬಹುದು, ಇದನ್ನು ಮೊದಲೇ ತಿಳಿದಿರಬೇಕು. ವಾರಕ್ಕೆ ಎರಡು ಮೂರು ಸಲದಂತೆ ಒಟ್ಟು ಆರರಿಂದ ಹನ್ನೆರಡು ಸಲ ಕೊಡುವುದು ರೂಢಿ. ಊಟ ನೀರು ಬಿಟ್ಟವರಿಗೆ, ಕಲ್ಲಿನಂತೆ ಕೂತುಬಿಟ್ಟವರಿಗೆ, ಸಾಯಲೇಬೇಕು ಅಂತ ಹೊರಟವರಿಗೆ ಇದು ಬೇಗ ಕೆಲಸ ಮಾಡುತ್ತದೆ. ನಿಮ್ಮ ತಮ್ಮನಿಗೆ ಯಾಕೆ ಬೇಕು, ಗುಳಿಗೆಗೆ ಇನ್ನಷ್ಟು ದಿನ ಕಾಯಬಹುದಾ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಕೇಳುವುದು ನಿಮ್ಮ ಹಕ್ಕು.

ಬೇರೆ ಚಿಕಿತ್ಸೆಗಳೂ ಇವೆ. ಎರಡು ಬೇರೆ ಔಷಧ ಸರಿಯಾಗಿ ಕೊಟ್ಟರೂ ಗುಣ ಕಾಣದಿದ್ದರೆ ಕ್ಲೋಜಪಿನ್ ಕೊಡುತ್ತಾರೆ. ಅದಕ್ಕೆ ಬಿಳಿ ರಕ್ತಕಣ ಎಣಿಸುವ ಪರೀಕ್ಷೆ ತಪ್ಪದೆ ಮಾಡಿಸಬೇಕು. ಆಪ್ತ ಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ, ಕೆಲಸದ ತರಬೇತಿ ಇವು ಗುಳಿಗೆಯ ಜೊತೆಗೆ ನಡೆಯಬೇಕು. ಯೋಗವೂ ಒಳ್ಳೆಯದೇ, ಗುಳಿಗೆ ಬಿಟ್ಟು ಮಾತ್ರ ಅಲ್ಲ.

ಊಟದ ಸಂಶಯದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಮನೆಯಲ್ಲಿ ದಿನಾ ಎದುರಾಗುವುದು ಅದೇ. ಅವನು ತಟ್ಟೆ ತಳ್ಳಿದಾಗ ಅವ್ವ ಏನು ಮಾಡುತ್ತಾರೆ? ಅಳುತ್ತಾರೆ, "ಹೆತ್ತ ತಾಯಿ ವಿಷ ಹಾಕ್ತಾಳೇನೋ" ಅನ್ನುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ವಾದದಿಂದ ಈ ನಂಬಿಕೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. "ಹೌದಪ್ಪ, ವಿಷ ಇದೆ" ಅಂತ ಒಪ್ಪಲೂಬಾರದು. ಸಿಸ್ಟರ್ ಮಾತಾಡುವ ರೀತಿ ಗಮನಿಸಿ: "ನಿನಗೆ ಹಾಗನ್ನಿಸಿ ಭಯ ಆಗಿದೆ ಅಂತ ಗೊತ್ತಾಗ್ತಿದೆ. ನನಗೆ ಇದರಲ್ಲಿ ಏನೂ ಕಾಣ್ತಿಲ್ಲ. ಸದ್ಯಕ್ಕೆ ಏನು ತಿಂತೀಯ ಹೇಳು." ಇಷ್ಟೇ. ಆಮೇಲೆ ಅವನೇ ಸುಲಿದು ತಿನ್ನುವ ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಅವನೇ ಒಡೆಯುವ ಬಿಸ್ಕೆಟ್ ಪ್ಯಾಕ್ ಕೊಡುತ್ತಾರೆ. ಮನೆಯಲ್ಲಾದರೆ ಎಲ್ಲರೂ ಒಟ್ಟಿಗೆ ಕೂತು, ಒಂದೇ ಪಾತ್ರೆಯಿಂದ ಅವನ ಕೈಯಲ್ಲೇ ಬಡಿಸಿಕೊಳ್ಳಲು ಬಿಡಿ. ಅವನಿಗೆ ಗೊತ್ತಿಲ್ಲದೆ ಸಾರಿನಲ್ಲಿ ಗುಳಿಗೆ ಪುಡಿ ಮಾಡಿ ಹಾಕುವ ಕೆಲಸ ಮಾತ್ರ ಬೇಡ. ಒಂದು ದಿನ ಗೊತ್ತಾದರೆ ಅವನ ಸಂಶಯವೇ ನಿಜ ಅಂತ ಆಗಿಬಿಡುತ್ತದೆ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಮನೆಯಲ್ಲಿ ಸದಾ ಹಂಗಿಸುವುದು, ಸಿಡುಕುವುದು, ಇಲ್ಲವೇ ಚಿಕ್ಕ ಮಗುವಿನಂತೆ ಬೆನ್ನು ಬಿಡದೆ ಕಾಯುವುದು ಇದ್ದರೆ ಕಾಯಿಲೆ ಮರುಕಳಿಸುವುದು ಜಾಸ್ತಿ. ಇಂಗ್ಲೆಂಡಿನಲ್ಲಿ ಜಾರ್ಜ್ ಬ್ರೌನ್ ಮತ್ತು ಅವರ ಜೊತೆಗಾರರು ಇದನ್ನು ಮೊದಲು ತೋರಿಸಿದರು, ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಅದೇ ಕಂಡುಬಂತು. ಹಾಗಂತ ಮನೆಯವರೇ ಕಾಯಿಲೆಗೆ ಕಾರಣ ಅಂತಲ್ಲ. ಮನೆಯವರಿಂದ ಎಷ್ಟು ಒಳ್ಳೆಯದಾಗುತ್ತದೆ ಅನ್ನುವುದನ್ನು ನಮ್ಮ ದೇಶದಲ್ಲೇ ನೋಡಿದ್ದಾರೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲೇ ಟೆಂಟ್ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ನೀವು ಈಗ ತಮ್ಮನ ಹಾಸಿಗೆ ಪಕ್ಕ ಕೂತಿರುವುದೂ ಅದೇ ದಾರಿಯಲ್ಲಿ ಬಂದದ್ದು.

ಉಕ್ಕಡಗಾತ್ರಿಗೆ ಹೋಗಿದ್ದೆವು ಅಂತ ನೀವು ಸಂಕೋಚದಿಂದ ಬರೆದ ಹಾಗಿದೆ. ಸಂಕೋಚ ಬೇಡ. ತುಂಗಭದ್ರೆ ದಂಡೆಯ ಅಜ್ಜಯ್ಯನ ಸನ್ನಿಧಿಗೆ ಅಮಾವಾಸ್ಯೆಗೆ ಹೋಗಿ ಬರುವ ಎಷ್ಟೋ ಮನೆಯವರು ನಮ್ಮ ವಾರ್ಡ್‌ಗೂ ಬರುತ್ತಾರೆ. ಹೋಗಿ ಬನ್ನಿ, ಜೊತೆಗೆ ಗುಳಿಗೆ ಕಟ್ಟಿಕೊಂಡು ಹೋಗಿ, ರಾತ್ರಿಯ ಗುಳಿಗೆ ಅಲ್ಲೇ ಕೊಡಿ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ಪ್ರಾರ್ಥನೆಗೆ ಬಂದವರಿಗೆ ಅಲ್ಲೇ ಮನೋವೈದ್ಯರು ಔಷಧ ಕೊಡುವ ವ್ಯವಸ್ಥೆ ಮಾಡಿದ್ದರು. ಎರಡೂ ಜೊತೆಗೆ ಸಾಗಬಹುದು. ಆದರೆ ಹೊಡೆಯುವುದು, ಹೊಗೆ ಹಾಕುವುದು, ಸರಪಳಿ ಕಟ್ಟುವುದು ಎಲ್ಲೇ ನಡೆದರೂ ಒಪ್ಪಬೇಡಿ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಎರವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಜಾಗಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದವರು ಓಡಲಾಗದೆ ಸತ್ತರು. ಈಗ ಮಾನಸಿಕ ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದಕ್ಕೆ ಕಾನೂನಿನಲ್ಲೇ ನಿಷೇಧ ಇದೆ.

ಇನ್ನು ಮನೆಗೆ ಹೋದ ಮೇಲೆ. ಗುಳಿಗೆ ಡಬ್ಬಿ ನಿಮ್ಮ ಕೈಯಲ್ಲಿರಲಿ. ಮೊದಲ ಸಲ ಬಂದ ಕಾಯಿಲೆಗೂ ಗುಣವಾದ ಮೇಲೆ ಕನಿಷ್ಠ ಒಂದೆರಡು ವರ್ಷ ಗುಳಿಗೆ ಮುಂದುವರಿಸಲು ಹೇಳುತ್ತಾರೆ. "ಈಗ ಚೆನ್ನಾಗಿದ್ದಾನಲ್ಲ" ಅಂತ ಬಿಟ್ಟವರೇ ವಾಪಸ್ ವಾರ್ಡ್‌ಗೆ ಬರುವವರಲ್ಲಿ ಜಾಸ್ತಿ. ಒಂದು ನೋಟ್‌ಬುಕ್ ಇಡಿ. ನಿದ್ದೆ, ಊಟ, ಗುಳಿಗೆ, ಹೊಸದೇನಾದರೂ ಕಂಡರೆ ಅದು, ದಿನಕ್ಕೆ ಎರಡು ಸಾಲು ಸಾಕು. ಮುಂದಿನ ಸಲ ಡಾಕ್ಟರ್ ಐದು ನಿಮಿಷ ಕೊಟ್ಟಾಗ ಅದನ್ನು ಅವರ ಕೈಗೆ ಕೊಡಿ. ಹೆಚ್ಚಿನವರಲ್ಲಿ ಮೊದಲು ಕೆಡುವುದು ನಿದ್ದೆ. ಎರಡು ಮೂರು ರಾತ್ರಿ ಸರಿಯಾಗಿ ಮಲಗಲಿಲ್ಲ ಅಂದರೆ ಡಾಕ್ಟರ್ ಕೊಟ್ಟ ತಾರೀಖಿಗೆ ಕಾಯಬೇಡಿ, ಮೊದಲೇ ಕರೆತನ್ನಿ.

ಬೆಳೆಗೆ ಹೊಡೆಯುವ ಔಷಧ ಮನೆಯಲ್ಲಿ ಇಟ್ಟಿರುತ್ತೀರಿ, ಅಲ್ವಾ? ಅದು ಬೀಗದೊಳಗೆ ಇರಬೇಕು, ಸಾಧ್ಯವಾದರೆ ಬೇರೆ ಕಡೆ. ವಾರ್ಡ್‌ನಲ್ಲಿ ಬ್ಲೇಡು, ಹಗ್ಗ, ಬೆಲ್ಟು ಇಡಲು ಬಿಡದಿರುವುದೂ ಇದೇ ಕಾರಣಕ್ಕೆ. ಸಾಯುವ ಮಾತಾಡಿದರೆ ಬೈದು ಬಾಯಿ ಮುಚ್ಚಿಸಬೇಡಿ. ಕೇಳಿಸಿಕೊಳ್ಳಿ, ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ.

ಕೆಲಸ ಕೊಡಿ, ಸಣ್ಣದರಿಂದ. ಮೊದಲ ವಾರ ದನಕ್ಕೆ ನೀರು ಇಡುವುದು. ಆಮೇಲೆ ಮೆಕ್ಕೆಜೋಳದ ಹೊಲದಲ್ಲಿ ಬೆಳಗಿನ ಹೊತ್ತು ಒಂದು ಗಂಟೆ. ಮಾಡಿದ್ದನ್ನು ಮೆಚ್ಚಿ, ಬಿಟ್ಟಿದ್ದನ್ನು ಎಣಿಸಬೇಡಿ. ಬಿಸಿಲಿನಲ್ಲಿ ತಲೆಗೆ ಟವೆಲ್, ಕುಡಿಯಲು ಸಾಕಷ್ಟು ನೀರು ಇರಲಿ. ಈ ಔಷಧ ತಗೊಳ್ಳುವವರಿಗೆ ಬಿಸಿಲು ಬೇಗ ತಟ್ಟುತ್ತದೆ.

ಪ್ರತಿ ತಿಂಗಳೂ ದುಡ್ಡು ಹೊಂದಿಸುವುದು ಕಷ್ಟವಾದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ಈ ತಂಡದಲ್ಲಿ ಮನೋವೈದ್ಯರ ಜೊತೆ ಮನೋರೋಗ ನರ್ಸ್, ಸಮುದಾಯ ನರ್ಸ್ ಹುದ್ದೆಗಳೂ ಇವೆ. ಔಷಧ ಉಚಿತ. ಮನೋಚೈತನ್ಯ ಅನ್ನುವ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಪದ್ಧತಿ ಇದೆ. ನಿಮ್ಮ ಜಗಳೂರಿಗೆ ಯಾವ ವಾರ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. ರಾತ್ರಿ ಹೊತ್ತು ಏನು ಮಾಡಬೇಕು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಕಾಯಿಲೆ ಬಹಳ ಕಾಲ ಉಳಿದು ಕೆಲಸ ಮಾಡಲಾಗದಿದ್ದರೆ ಅಂಗವಿಕಲರ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು. 2016ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ.

ಕೊನೆಗೆ ನಿಮ್ಮ ಮಾವನ ಮಾತು. ಇಲ್ಲ, ಮದುವೆಯಿಂದ ಈ ಕಾಯಿಲೆ ವಾಸಿಯಾಗುವುದಿಲ್ಲ. ಮದುವೆ ಮನೆಯ ಗದ್ದಲ, ನಿದ್ದೆಗೇಡು, ಗುಳಿಗೆ ತಪ್ಪುವುದು ಇವೇ ಸಾಕು ಮತ್ತೆ ಕೆಡಲು. ಜೊತೆಗೆ ಏನೂ ಗೊತ್ತಿಲ್ಲದೆ ಬಂದ ಒಬ್ಬ ಹುಡುಗಿ ಮೊದಲ ದಿನದಿಂದಲೇ ನರ್ಸ್ ಆಗಬೇಕಾಗುತ್ತದೆ. ಅದು ಅವಳಿಗೆ ಮಾಡುವ ಅನ್ಯಾಯ. ಗುಣವಾಗಿ, ಒಂದಷ್ಟು ಕಾಲ ಸ್ಥಿರವಾಗಿದ್ದು, ದುಡಿಯುವಂತಾಗಿ, ಮದುವೆ ಬೇಕು ಅಂತ ಅವನೇ ಹೇಳಿದರೆ ಖಂಡಿತ ಆಗಬಹುದು. ಹಾಗೆ ಮದುವೆಯಾಗಿ ಮಕ್ಕಳು ಮರಿಯೊಂದಿಗೆ ಚೆನ್ನಾಗಿರುವವರು ನನಗೆ ಗೊತ್ತು. ಆದರೆ ಹೆಣ್ಣಿನ ಕಡೆಯವರಿಗೆ ಮೊದಲೇ ಎಲ್ಲ ಹೇಳಿರಬೇಕು, ಗುಳಿಗೆ ಹೆಸರು ಸಮೇತ. ಮಾವನಿಗೆ ನಿಮ್ಮ ಮಾತು ಹಿಡಿಸದಿದ್ದರೆ ಮುಂದಿನ ತಿಂಗಳು ತಮ್ಮನನ್ನು ತೋರಿಸಲು ಬರುವಾಗ ಅವರನ್ನೂ ದಾವಣಗೆರೆಗೆ ಕರೆದುಕೊಂಡು ಬನ್ನಿ. ಈ ಪ್ರಶ್ನೆಯನ್ನು ಡಾಕ್ಟರ್ ಎದುರಿಗೇ ಅವರು ಕೇಳಲಿ.